ಪೋಷಕರಿಗೆ ಪತ್ರ: ಕೊಲ್ಲಿಯ ಮೋಡ, ನಮ್ಮ ಬೆಣ್ಣಿಹಳ್ಳ

ಪೋಷಕರಿಗೆ ನಮಸ್ಕಾರ,

ನಿನ್ನೆ ಸಂಜೆಯಿಂದ ನನ್ನ ಫೋನಿಗೆ ಬಿಡುವಿಲ್ಲ. "ಸರ್, ಚಂಡಮಾರುತ ಬರತೈತಂತಲ್ರೀ, ನಾಳೆ ಸಾಲಿ ಐತೋ ಇಲ್ಲೋ?" ಎಲ್ಲರದ್ದೂ ಇದೇ ಪ್ರಶ್ನೆ. ಶಾಲೆ ಇದೆ, ಮಕ್ಕಳನ್ನು ಕಳಿಸಿ. ಹಳ್ಳದ ಆಚೆ ಇರುವವರಿಗೆ ಮಾತ್ರ ಬೇರೆ ಮಾತಿದೆ, ಕೆಳಗೆ ಬರೆದಿದ್ದೇನೆ.

ವಾಟ್ಸಾಪಿನಲ್ಲಿ ಓಡಾಡುತ್ತಿರುವ ಮೆಸೇಜಿನಲ್ಲಿ ಆ ಚಂಡಮಾರುತಕ್ಕೆ ಹೆಸರೂ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ! ಈಗ ಬಂಗಾಳ ಕೊಲ್ಲಿಯಲ್ಲಿರುವುದು ಗಾಳಿಯ ಒತ್ತಡ ಕಡಿಮೆ ಇರುವ ಪ್ರದೇಶ ಅಷ್ಟೇ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ ಅದು ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ. ಹೆಸರಿಡುವುದು ಆಗಲೇ, ಅದೂ 13 ದೇಶಗಳು ಮೊದಲೇ ಕೊಟ್ಟ ಪಟ್ಟಿಯಿಂದ ಸರದಿ ಪ್ರಕಾರ.

ನಾಲ್ಕು ದಿನದಿಂದ ಒಂಬತ್ತನೇ ತರಗತಿಯ ಮಕ್ಕಳು ಇದರ ಮೇಲೆ ಕಣ್ಣಿಟ್ಟಿದ್ದಾರೆ. ಪ್ರಾರ್ಥನೆ ಮುಗಿದ ಮೇಲೆ ಹವಾಮಾನ ಇಲಾಖೆಯ ಉಪಗ್ರಹ ಚಿತ್ರ ನೋಡಿ ಬೋರ್ಡಿನ ಮೇಲೆ ಬಿಡಿಸುತ್ತಾರೆ. ಮೊದಲ ದಿನ ಒಬ್ಬಳು "ಜ್ವಾಳದ ಹಿಟ್ಟು ಚೆಲ್ಲಿದಂಗ ಐತ್ರಿ ಸರ್" ಅಂದಳು. ಸರಿಯಾಗೇ ನೋಡಿದ್ದಳು. ಮೋಡ ಹಾಗೆ ಚದುರಿಕೊಂಡಿದ್ದರೆ ಅಷ್ಟು ಭಯವಿಲ್ಲ. ಒಂದೇ ಕಡೆ ಕೂಡಿ ಸುರುಳಿ ಸುತ್ತತೊಡಗಿದರೆ, ನಡುವೆ ಒತ್ತಡ ಇಳಿಯುತ್ತಾ ಹೋದರೆ ಎಚ್ಚರವಾಗಬೇಕು. ಸಮುದ್ರದ ನೀರು 26.5 ಡಿಗ್ರಿಗಿಂತ ಜಾಸ್ತಿ ಬೆಚ್ಚಗಿದ್ದರೆ ಅದಕ್ಕೆ ಮೇವು ಸಿಕ್ಕ ಹಾಗೆ. ಅಕ್ಟೋಬರಿನಲ್ಲಿ ಕೊಲ್ಲಿ ಬೆಚ್ಚಗೇ ಇರುತ್ತದೆ. ಆದರೆ ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಹೊಂದಿಕೆ ಇಲ್ಲದಿದ್ದರೆ, ಕಣದಲ್ಲಿ ತೂರುವಾಗ ಹೊಟ್ಟು ಹಾರಿದಂತೆ ಮೋಡದ ನೆತ್ತಿ ಒಂದು ಕಡೆ ಹಾರಿ ಹೋಗುತ್ತದೆ, ಸುತ್ತು ಕೂಡುವುದಿಲ್ಲ. ನಿನ್ನೆ ಮೋಡವೆಲ್ಲ ಪಶ್ಚಿಮಕ್ಕೆ ಸರಿದು ಕೂತಿತ್ತು. ಇವತ್ತು ಸ್ವಲ್ಪ ಒತ್ತಾಗಿ ಕಾಣುತ್ತಿದೆ. ಇನ್ನೆರಡು ದಿನ ನೋಡಬೇಕು.

ಹುಡುಗನೊಬ್ಬ ತನ್ನ ನೋಟುಬುಕ್ಕಿನಲ್ಲಿ ಗಾಳಿ ಅನ್ನುವ ಕಡೆ "ಧ್ವಜದ ಹಗ್ಗ ಮಾತ್ರ ಅಲುಗಿತು" ಅಂತ ಬರೆದಿದ್ದಾನೆ. ನಾನು ತಿದ್ದಲಿಲ್ಲ.

ನನಗೆ ಗಾಳಿಯ ಚಿಂತೆ ಇಲ್ಲ. ಆಂಧ್ರದ ಕಡಲ ದಂಡೆ ನಮ್ಮ ರೋಣ ತಾಲ್ಲೂಕಿಗೆ 400 ಕಿ.ಮೀ.ಗಿಂತ ದೂರ. ಚಂಡಮಾರುತ ಆದರೂ ನೆಲ ಹತ್ತಿದ ಮೇಲೆ ಅದರ ಜೋರು ಇಳಿಯುತ್ತದೆ. ಮಳೆ ಮಾತ್ರ ಒಳನಾಡಿಗೂ ಬರುತ್ತದೆ. ಚಿಂತೆ ಇರುವುದು ಬೆಣ್ಣಿಹಳ್ಳದ್ದು. ಅದು ಹರಿದು ಬರುವ ಶಿಗ್ಗಾವಿ, ಹುಬ್ಬಳ್ಳಿ ಕಡೆ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದಾಗಲೇ ಹಳ್ಳ ಬಂದುಬಿಡುತ್ತದೆ. 2009ರ ನೆರೆ ನೆನಪಿದೆ ಅಲ್ವಾ? ಅದೂ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲೇ. ಈ ಸೀಮೆ ಕೆಟ್ಟಿದ್ದು ಗಾಳಿಯಿಂದಲ್ಲ, ನೀರಿನಿಂದ.

ಹಾಗಾಗಿ ಹಳ್ಳದ ಆಚೆಯವರು ಮುಂಜಾನೆ ಸೇತುವೆ ಹತ್ತಿರ ಹೋಗಿ ನೋಡಿ. ನೀರು ಸೇತುವೆ ಮುಟ್ಟಿದ್ದರೆ ಮಕ್ಕಳನ್ನು ಕಳಿಸಲೇಬೇಡಿ. ಟ್ರ್ಯಾಕ್ಟರ್ ಮೇಲೆ ಕೂರಿಸಿ ದಾಟಿಸುವ ಸಾಹಸವಂತೂ ಬೇಡ. ಹಾಜರಿ ನಾನು ನೋಡಿಕೊಳ್ಳುತ್ತೇನೆ. ಮಧ್ಯಾಹ್ನದ ಮೇಲೆ ಹಳ್ಳ ಬಂದರೆ ಆ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಳ್ಳುತ್ತೇವೆ. ಬಿಸಿಯೂಟದ ಅಕ್ಕಂದಿರಿಗೆ ಹೇಳಿದ್ದಾಗಿದೆ. ನೀವು ಗಾಬರಿಯಾಗಿ ನೀರಿಗೆ ಇಳಿಯಬೇಡಿ.

ರಜೆ ಕೊಡುವುದು ಜಿಲ್ಲಾಡಳಿತ, ನಾನಲ್ಲ. ಆದೇಶ ಬಂದ ಕೂಡಲೇ ಗ್ರೂಪಿಗೆ ಹಾಕುತ್ತೇನೆ. ಆರೆಂಜ್ ಅಲರ್ಟ್ ಅಂದರೆ ಸಿದ್ಧವಾಗಿರಿ ಅಂತ, ಅಷ್ಟಕ್ಕೇ ರಜೆ ಅಂತಲ್ಲ. ಕಿತ್ತ ಉಳ್ಳಾಗಡ್ಡಿ ಹೊಲದಲ್ಲೇ ಇದ್ದರೆ ಇವತ್ತೇ ತಾಡಪತ್ರಿ ಹೊದಿಸಿ. ಆದರೆ ಆ ಕೆಲಸಕ್ಕೆ ಮಕ್ಕಳನ್ನು ಶಾಲೆ ಬಿಡಿಸಬೇಡಿ.

ನಾಳಿನ ಚಿತ್ರ ಒಂಬತ್ತೂವರೆಗೆ ಬೋರ್ಡಿನ ಮೇಲಿರುತ್ತದೆ. ಮಕ್ಕಳನ್ನು ಬಿಡಲು ಬಂದವರು ಒಳಗೆ ಬಂದು ನೋಡಿಕೊಂಡು ಹೋಗಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು