ವೈವಾ ಮುಗೀತು, ಈಗ ಥ್ಯಾಂಕ್ಸ್ ಹೇಳ್ಬೇಕು

ಮೊನ್ನೆ ನನ್ನ ಪಿಎಚ್‌ಡಿ ವೈವಾ ಆಯ್ತು, ಪಾಸು. ನಮ್ಮನೇಲಿ ಕಾಲೇಜು ಮೆಟ್ಲು ಹತ್ತಿದವಳೇ ನಾನು ಮೊದಲು, ಅದಕ್ಕೇ ಈ ಖುಷಿ ನನ್ನೊಬ್ಬಳದ್ದು ಅಂತ ಅನ್ಸ್ತಾನೇ ಇಲ್ಲ. ಥೀಸಿಸ್‌ನಲ್ಲಿ ಕೃತಜ್ಞತೆಗೆ ಒಂದು ಪುಟ ಇಟ್ಟಿದ್ದೆ, ಅದ್ರಲ್ಲಿ ಹಿಡಿಯದೇ ಉಳಿದಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ಅತ್ತೆಗೆ. ವಿಜ್ಞಾನಿ ಮೇರಿ ಕ್ಯೂರಿ 1903ರಲ್ಲಿ ಡಾಕ್ಟರೇಟ್ ತಗೊಂಡಾಗ ಮಗಳು ಐರೀನ್‌ಗೆ ಇನ್ನೂ ಆರು ತುಂಬಿರ್ಲಿಲ್ಲ, ಜೊತೆಗೆ ಹೆಣ್ಮಕ್ಕಳ ಟೀಚರ್ ಟ್ರೈನಿಂಗ್ ಶಾಲೇಲಿ ಪಾಠಾನೂ ಮಾಡ್ತಿದ್ರು. ಮಗೂನ ನೋಡ್ಕೊಂಡಿದ್ದು ಅವರ ಮಾವ ಯೂಜೀನ್ ಕ್ಯೂರಿ, ಹೆಂಡತಿ ತೀರ್ಕೊಂಡ ಮೇಲೆ ಮಗನ ಮನೆಗೆ ಬಂದು ಇದ್ದವರು. ಮೇರಿ ರೇಡಿಯಂ ಕಂಡುಹಿಡಿದಿದ್ದು ಎಲ್ಲರಿಗೂ ಗೊತ್ತು, ಆ ಮಾವನ ಹೆಸರು ಎಷ್ಟು ಜನ ಕೇಳಿದಾರೆ? ನಮ್ಮನೇಲಿ ಆ ಜಾಗದಲ್ಲಿ ಅತ್ತೆ ಇದ್ರು. ಕೊನೇ ಚಾಪ್ಟರ್ ಕಳಿಸೋ ಹಿಂದಿನ ರಾತ್ರಿ ಮಗಳಿಗೆ ಜ್ವರ, ನಾನು ಲ್ಯಾಪ್‌ಟಾಪ್ ಮುಚ್ಚೋಕೆ ಹೋದ್ರೆ ಅತ್ತೆ ಅವಳನ್ನ ಹೆಗಲಿಗೆ ಹಾಕ್ಕೊಂಡು "ನೀನು ಬರಿಯಮ್ಮ, ನಿನ್ನನ್ನ ಕೇಳಿದ್ರೆ ಕರೀತೀನಿ" ಅಂತ ಹೇಳಿ ಒಳಗಿನ ರೂಮಿಗೆ ಹೋದ್ರು. ಬೆಳಗ್ಗೆವರೆಗೂ ಕರೀಲೇ ಇಲ್ಲ. ಆ ಚಾಪ್ಟರ್ ಅವರದ್ದೇ ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಆಮೇಲೆ ನನ್ನ ಸೀನಿಯರ್ ಅಕ್ಕನಿಗೆ. ಮನೇಲಿ ಓದಿದೋರು ಇದ್ರೆ ಈ ಜರ್ನಲ್, ರಿವ್ಯೂ, ಸಿನಾಪ್ಸಿಸ್ ಅನ್ನೋದೆಲ್ಲ ಚಿಕ್ಕಂದಿನಿಂದ್ಲೇ ಕಿವಿಗೆ ಬಿದ್ದಿರುತ್ತೆ, ನಮ್ಮಂಥೋರಿಗೆ ಅದನ್ನ ಯಾರಾದ್ರೂ ಕೂರಿಸ್ಕೊಂಡು ಹೇಳ್ಬೇಕು. ಜರ್ನಲ್‌ಗೆ ಕಳಿಸಿದ ಮೊದಲ ಪೇಪರ್‌ಗೆ "ಮೇಜರ್ ರಿವಿಷನ್", ಅಂದ್ರೆ ತುಂಬಾ ತಿದ್ದಿ ಮತ್ತೆ ಕಳಿಸಿ, ಅಂತ ಮೇಲ್ ಬಂದಾಗ ಅಕ್ಕ "ಏ, ಇದು ಒಳ್ಳೆ ಸುದ್ದಿ ಕಣೇ, ಅವರು ಬಾಗ್ಲು ಹಾಕಿಲ್ಲ" ಅಂದ್ರು. ಎರಡು ಕಾಲಂನ ಟೇಬಲ್ ಹಾಕೋದು ಹೇಳ್ಕೊಟ್ರು: ಎಡಗಡೆ ರಿವ್ಯೂವರ್ (ಜರ್ನಲ್ ಪರವಾಗಿ ಪೇಪರ್ ಓದಿ ಅಭಿಪ್ರಾಯ ಕೊಡೋರು) ಹೇಳಿದ್ದು ಒಂದಕ್ಷರ ಬಿಡದೆ, ಬಲಗಡೆ ನಮ್ಮ ಉತ್ತರ, ಯಾವ ಪುಟ ಯಾವ ಸಾಲಲ್ಲಿ ಬದಲಾಯಿಸಿದೀವಿ ಅನ್ನೋದು, ಒಪ್ಪದೇ ಇರೋ ಕಡೆ ಕಾರಣ ಕೊಟ್ಟು ವಿನಯವಾಗಿ ಇಲ್ಲ ಅನ್ನೋದು. ಒಪ್ಪದೇ ಇರಬಹುದು ಅನ್ನೋದೇ ನನಗೆ ದೊಡ್ಡ ವಿಷಯ. ರೆಫರೆನ್ಸ್ ಜೋಡಿಸೋಕೆ ಜೊಟೆರೊ ಅನ್ನೋ ಸಾಫ್ಟ್‌ವೇರ್ ಹಾಕ್ಕೊಟ್ಟಿದ್ದೂ ಅವರೇ, ದುಡ್ಡು ಕೊಡಬೇಕಾಗಿಲ್ಲ, ಅದಿಲ್ದೇ ಇದ್ದಿದ್ರೆ ಕೆಲಸ ಮುಗಿಸಿ ಬಂದ ರಾತ್ರಿಗಳೆಲ್ಲ ಕಾಮಾ ಫುಲ್‌ಸ್ಟಾಪ್ ಸರಿಮಾಡೋದ್ರಲ್ಲೇ ಹೋಗ್ತಿದ್ವು.

ನನ್ನ ಗೈಡ್ ಮೇಡಂ, ಮಗಳ ಶಾಲೆ ಬಿಡೋ ಟೈಮ್ ನೋಡಿ ಮೀಟಿಂಗ್ ಇಟ್ಟವರು. "ಯಾಕೆ ಮುಗಿದಿಲ್ಲ" ಅಂತ ಕೇಳ್ದೇ "ಯಾವ ಪುಟದಲ್ಲಿ ನಿಂತಿದೀಯ" ಅಂತ ಕೇಳ್ತಿದ್ರು. ನಾನು ಕೆಲಸ ಮಾಡೋ ಆಸ್ಪತ್ರೆ ವಾರ್ಡಿನ ಗೆಳತಿಯರು ನನಗೋಸ್ಕರ ನೈಟ್ ಡ್ಯೂಟಿ ಬದಲಾಯಿಸ್ಕೊಂಡ್ರು, ಲೆಕ್ಕ ಇಟ್ಟಿಲ್ಲ, ಈಗ ನನ್ನ ಸರದಿ ಕಣ್ರೇ. ಮನೆಯವರಿಗೆ ನಾನು ಏನು ಹೇಳ್ಲಿ, ಅವರಿಗೆ ಗೊತ್ತು.

ಅಮ್ಮ ಥೀಸಿಸ್ ಓದೋಕಾಗಲ್ಲ, ಆದ್ರೆ ಪ್ರತಿ ಫೋನಲ್ಲೂ "ಬರೆಯೋದು ಎಲ್ಲಿಗೆ ಬಂತು" ಅಂತ ಕೇಳಿ ಪೂರ್ತಿ ಕೇಳಿಸ್ಕೊಳ್ಳೋರು. ನನ್ನ ವಿಷಯ ಶಿಫ್ಟ್ ಬದಲಾಗುವಾಗ ನರ್ಸ್‌ಗಳು ಪೇಶೆಂಟ್ ವಿಷಯ ಹೇಗೆ ಒಪ್ಪಿಸ್ತಾರೆ, ಏನು ಬಿಟ್ಟುಹೋಗುತ್ತೆ ಅನ್ನೋದು. "ಸರಿ, ಇದ್ರಿಂದ ಮಂಚದ ಮೇಲೆ ಮಲಗಿರೋರಿಗೆ ಏನು ಸಿಗುತ್ತೆ?" ಅಂತ ಅಮ್ಮ ಬಿಡದೇ ಕೇಳಿ ಕೇಳಿ, ವೈವಾದಲ್ಲಿ ಎಕ್ಸಾಮಿನರ್ ಅದನ್ನೇ ಕೇಳ್ದಾಗ ನನ್ನ ಉತ್ತರ ರೆಡಿ ಇತ್ತು.

ಮನೇಲಿ ಮೊದಲನೆಯವರಾಗಿ, ಮಗು ಕೆಲಸ ಎರಡೂ ಇಟ್ಕೊಂಡು ಪಿಎಚ್‌ಡಿ ಮಾಡ್ತಾ ಇದ್ರೆ ನನಗೆ ಮೆಸೇಜ್ ಮಾಡಿ. ಆ ಎರಡು ಕಾಲಂ ಟೇಬಲ್ ಕಳಿಸ್ತೀನಿ, ರಿವ್ಯೂವರ್ ಮೇಲ್ ಬಂದಿದ್ರೆ ಜೊತೆಗೆ ಕೂತು ಓದೋಣ.