ಕ್ಯಾಮೆರಾದ ಮುಂದೆ ಹೊರಟಿರುವ ನಿನಗೆ

ಚಿರಂಜೀವಿಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಧಾರಾವಾಹಿಯವರು ಆಡಿಷನ್‌ಗೆ ಕರೆದಿದ್ದಾರೆ, ಒಂದು ಗಂಟೆಯ ಶೋ ಚಿತ್ರೀಕರಿಸುವ ಮಾತೂ ಬಂದಿದೆ, ಇನ್ನು ಸ್ಟ್ಯಾಂಡಪ್ ಹಾಸ್ಯಕ್ಕೆಂದು ಕ್ಲಬ್ಬುಗಳ ಅಲೆದಾಟ ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡಪ್ಪ. ಯಾಕೆಂದು ಹೇಳುತ್ತೇನೆ. ಆಡಿಷನ್‌ನಲ್ಲಿ, ಸೆಟ್‌ನಲ್ಲಿ, ಒಪ್ಪಂದದ ಕಾಗದದಲ್ಲಿ ಸ್ಟ್ಯಾಂಡಪ್‌ನವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನೂ ಬರೆಯುತ್ತೇನೆ. ಪತ್ರ ಉದ್ದವಾದೀತು, ನಿಧಾನವಾಗಿ ಓದು.

ಸಿನಿಮಾದವರಾಗಲಿ ಟೀವಿಯವರಾಗಲಿ ನಿನ್ನನ್ನು ಕರೆಯುವುದು ಜೋಕುಗಳಿಗಾಗಿ ಅಲ್ಲ. ಜೋಕು ಬರೆಯುವವರು ಅವರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಬೇಕಾಗಿರುವುದು ವೇದಿಕೆಯ ಮೇಲೆ ನೀನು ಕಟ್ಟಿರುವ ಆ ಮನುಷ್ಯ. ಅವನು ಯಾವುದಕ್ಕೆ ರೇಗುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಯಾರ ಮುಂದೆ ಮಾತು ಸೋಲುತ್ತಾನೆ, ಅದು. ಅಮೆರಿಕದ ಹಾಸ್ಯಗಾರ ರೇ ರೊಮಾನೊ 1995ರಲ್ಲಿ ಟೀವಿಯ ಡೇವಿಡ್ ಲೆಟರ್‌ಮನ್ ಟಾಕ್ ಶೋನಲ್ಲಿ ಮಾಡಿದ್ದು ಕೆಲವೇ ನಿಮಿಷ. ಅದನ್ನು ನೋಡಿ ಲೆಟರ್‌ಮನ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಹೆಂಡತಿ, ಮಕ್ಕಳು, ಅಪ್ಪ-ಅಮ್ಮಂದಿರ ನಡುವೆ ಸಿಕ್ಕಿಬಿದ್ದ ಗಂಡಸು ಎಂಬ ಅವರ ವೇದಿಕೆಯ ರೂಪವನ್ನೇ ಇಟ್ಟುಕೊಂಡು ಬರೆದ ಧಾರಾವಾಹಿ 1996ರಿಂದ 2005ರವರೆಗೆ 9 ಸೀಸನ್ ನಡೆಯಿತು. ಅದಕ್ಕೆ ಸ್ವಲ್ಪ ಮೊದಲು ಬೇರೊಂದು ಧಾರಾವಾಹಿಯವರು ಇದೇ ರೊಮಾನೊ ಅವರನ್ನು ಆಯ್ಕೆ ಮಾಡಿ, ರಿಹರ್ಸಲ್‌ನಲ್ಲೇ ಕೈಬಿಟ್ಟಿದ್ದರು. ಆ ಪಾತ್ರ ಅವರಿಗಾಗಿ ಬರೆದದ್ದಾಗಿರಲಿಲ್ಲ. ಒಂದು ಕಡೆ ಬೇಡವೆಂದರೆ ನೀನು ಕುಗ್ಗಬೇಕಿಲ್ಲ ಅನ್ನುವುದು ಇದಕ್ಕೇ.

ನಿನ್ನ ಮನುಷ್ಯ ಗಟ್ಟಿಯಾಗಿದ್ದಾನೋ ಇಲ್ಲವೋ ನೋಡಿಕೊಳ್ಳಲು ಸುಲಭದ ದಾರಿಯಿದೆ. ನಿನ್ನ ಪರಿಚಯವಿಲ್ಲದ ಐದಾರು ಮಂದಿಗೆ ನಿನ್ನ ಸೆಟ್, ಅಂದರೆ ವೇದಿಕೆಯ ಮೇಲೆ ಒಂದೇ ಸಲಕ್ಕೆ ಹೇಳುವ ಜೋಕುಗಳ ಕಂತೆ, ತೋರಿಸಿ, ‘ಇವನು ಎಂಥವನು?’ ಎಂದು ಒಂದು ವಾಕ್ಯದಲ್ಲಿ ಹೇಳಿಸು. ‘ಚೆನ್ನಾಗಿ ನಗಿಸುತ್ತಾನೆ’ ಎಂದಷ್ಟೇ ಹೇಳಿದರೆ ಇನ್ನೂ ಕೆಲಸವಿದೆ ಎಂದರ್ಥ. ಮೂರು ಮಂದಿಯಾದರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರೆ ಬರಹಗಾರರಿಗೆ ಹಿಡಿಯಲು ಏನೋ ಇದೆ.

ಪಾತ್ರಗಳಿಗೆ ನಟರನ್ನು ಆರಿಸುವ ಕಾಸ್ಟಿಂಗ್‌ನವರಿಗೆ ಕಳಿಸುವ ಟೇಪು 5 ನಿಮಿಷ ಮೀರಬಾರದು. ಮೊದಲ ನಗು 20 ಸೆಕೆಂಡಿನೊಳಗೆ ಬರಲಿ, ಆಮೇಲೆ ನಿಮಿಷಕ್ಕೆ ನಾಲ್ಕಾದರೂ ನಗು ಇರಲಿ. ನಡುವೆ ಕತ್ತರಿ ಹಾಕಬೇಡ. ಕತ್ತರಿಸಿದ ಕಡೆ ಜೋಕು ಬಿದ್ದುಹೋಗಿರಬೇಕು ಎಂದು ನೋಡುವವರಿಗೆ ಅನುಮಾನ ಬರುತ್ತದೆ. ಸಭಿಕರ ನಗು ಕಿವಿಗೆ ಬೀಳಬೇಕು. ವೇದಿಕೆಯ ಮೈಕಿನಿಂದ ಮಾತ್ರ ಧ್ವನಿ ತೆಗೆದರೆ ನಗು ದೂರದಿಂದ ಬಂದಂತೆ ಕೇಳಿ, ಹೊಟ್ಟೆ ಹುಣ್ಣಾಗಿಸಿದ ಜೋಕೂ ಸತ್ತಂತೆ ಕಾಣುತ್ತದೆ. ಸಭೆಯ ಕಡೆಗೆ ತಿರುಗಿಸಿದ ಮೈಕು ಬೇರೆಯೇ ಇರಲಿ, ಬೇರೆ ಟ್ರ್ಯಾಕಿನಲ್ಲಿ.

ಇನ್ನು ಆಡಿಷನ್. ಮನೆಯಲ್ಲೇ ಚಿತ್ರೀಕರಿಸಿ ಕಳಿಸು ಎಂದರೆ ಫೋನನ್ನು ಅಡ್ಡಲಾಗಿ, ಕಣ್ಣಿನ ಮಟ್ಟಕ್ಕೆ, ಸ್ಟ್ಯಾಂಡಿನ ಮೇಲಿಡು. ಹಿಂದೆ ಖಾಲಿ ಗೋಡೆ, ಬೆಳಕು ಮುಂದಿನಿಂದ. ಎದುರು ಪಾತ್ರದ ಮಾತು ಓದುವವರು ಲೆನ್ಸಿಗೆ ಒತ್ತಿ ಪಕ್ಕದಲ್ಲಿ ನಿಲ್ಲಲಿ, ನಿನಗಿಂತ ಮೆಲ್ಲಗೆ ಓದಲಿ. ನೀನು ನೋಡಬೇಕಾದದ್ದು ಅವರನ್ನು, ಲೆನ್ಸನ್ನಲ್ಲ. ಸಭೆಯ ಕಣ್ಣಿಗೆ ಕಣ್ಣಿಟ್ಟು ಮಾತಾಡಿ ರೂಢಿಯಾದವರು ಇಲ್ಲೇ ತಪ್ಪುತ್ತಾರೆ. ಎರಡು ಟೇಕ್ ಕಳಿಸು: ಮೊದಲನೆಯದು ಬರೆದದ್ದು ಬರೆದಂತೆ, ಎರಡನೆಯದರಲ್ಲಿ ಒಂದೆರಡು ಕಡೆ ನಿನ್ನ ಮಾತು. ಮೊದಲ ಟೇಕಿನಲ್ಲೇ ಮಾತು ಬದಲಿಸಿದರೆ ಬರೆದವರಿಗೆ ಬೇಸರವಾಗುವುದು ಸಹಜ.

ಕ್ಯಾಮೆರಾದ ನಟನೆ ವೇದಿಕೆಯದಕ್ಕೆ ತದ್ವಿರುದ್ಧ. ಇದನ್ನು ಒಂದೇ ಜೋಕು ಇಟ್ಟುಕೊಂಡು ನೋಡೋಣ. ವೇದಿಕೆಯ ಮೇಲೆ ನೀನು ಹೀಗೆ ಹೇಳುತ್ತೀಯ: ‘ಒತ್ತಡ ಕಡಿಮೆ ಮಾಡಿಕೊಳ್ಳಿ ಅಂತ ಹೇಳಿ ಡಾಕ್ಟರು ಕೈಗಿಟ್ಟಿದ್ದು... ಬಿಲ್ಲು.’ ‘ಬಿಲ್ಲು’ ಕೊನೆಗೆ ಬರಬೇಕು, ಅದಕ್ಕೆ ಮುಂಚೆ ಅರ್ಧ ಸೆಕೆಂಡು ತಡೆ, ಆಮೇಲೆ ನಗು ಏರಿ ಇಳಿಯಲು ಬಿಟ್ಟು ಮುಂದಿನ ಸಾಲು. ಇದನ್ನೇ ದೃಶ್ಯ ಮಾಡಿದರೆ ಡಾಕ್ಟರು ಎದುರಿಗೇ ಕೂತಿರುತ್ತಾರೆ, ಬಿಲ್ಲು ಮೇಜಿನ ಮೇಲೆ ಬರುತ್ತದೆ. ಅಲ್ಲಿ ಆ ಸಾಲನ್ನು ಹೇಳುವಂತೆಯೇ ಇಲ್ಲ. ಬಿಲ್ಲಿನ ಮೇಲೆ ನಿನ್ನ ಕಣ್ಣು ಬೀಳುವುದು, ಮೊತ್ತ ಓದಿದ ಮೇಲೆ ತುಟಿ ಬಿಗಿಯುವುದು, ‘ಈಗ ಹೇಗನಿಸುತ್ತಿದೆ?’ ಎಂದು ಡಾಕ್ಟರು ಸಮಾಧಾನದಿಂದ ಕೇಳುವುದು, ನಗು ಇರುವುದು ಅಲ್ಲಿ. ಸಂಕಲನಕಾರರಿಗೆ ಬೇಕಾದ ತುಣುಕು ನೀನು ಮಾತಾಡಿದ್ದಲ್ಲ, ಕೇಳಿಸಿಕೊಂಡದ್ದು. ಆದ್ದರಿಂದ ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೋ. ನಿನ್ನ ಸರದಿಗೆ ಕಾಯುತ್ತಿದ್ದರೆ ಕ್ಲೋಸಪ್‌ನಲ್ಲಿ ಅದು ಹಾಗೇ ಕಾಣುತ್ತದೆ. ನಗುವಿಗೆಂದು ನಿಲ್ಲಲೂ ಬೇಡ. ಸೆಟ್‌ನಲ್ಲಿ ಯಾರೂ ನಗುವುದಿಲ್ಲ, ನಕ್ಕರೆ ಧ್ವನಿ ಕೆಡುತ್ತದೆ. ಆ ಮೌನವನ್ನು ಸೋಲೆಂದು ತಿಳಿದು ಮುಂದಿನ ಟೇಕಿನಲ್ಲಿ ಜೋರು ಮಾಡುವುದು ಹೊಸಬರ ಸಾಮಾನ್ಯ ತಪ್ಪು.

ಕಂಟಿನ್ಯುಯಿಟಿ, ಅಂದರೆ ಶಾಟಿನಿಂದ ಶಾಟಿಗೆ ಎಲ್ಲವೂ ಹೊಂದುವುದು, ಅದೂ ಅಷ್ಟೇ ಮುಖ್ಯ. ವೈಡ್ ಶಾಟಿನಲ್ಲಿ ಯಾವ ಪದಕ್ಕೆ ಲೋಟ ಎತ್ತಿದೆಯೋ ಕ್ಲೋಸಪ್‌ನಲ್ಲೂ ಅದೇ ಪದಕ್ಕೆ, ಅದೇ ಕೈಯಲ್ಲಿ ಎತ್ತಬೇಕು. ಇಲ್ಲದಿದ್ದರೆ ಎರಡು ಶಾಟು ಜೋಡಿಸಲು ಬರುವುದಿಲ್ಲ, ನಿನ್ನ ಒಳ್ಳೆಯ ಟೇಕೇ ಕಸದ ಬುಟ್ಟಿಗೆ ಹೋಗುತ್ತದೆ. ನೆನಪಿರದಿದ್ದರೆ ಲೋಟ ಮುಟ್ಟಬೇಡ. ಇನ್ನೊಬ್ಬರ ಕ್ಲೋಸಪ್ ನಡೆಯುವಾಗ ಅವರ ಮಾತಿನ ಮೇಲೆ ಮಾತು ಹಾಕಬೇಡ, ನಿರ್ದೇಶಕರು ಹೇಳಿದ್ದರೆ ಬೇರೆ ಮಾತು.

ಇವೆಲ್ಲ ತಾನಾಗಿ ಬರುವುದಿಲ್ಲ, ನಟನೆಯ ತರಗತಿಗೆ ಸೇರು. ಹಾಸ್ಯನಟ ರಾಬಿನ್ ವಿಲಿಯಮ್ಸ್ ಆಡಿದ್ದೆಲ್ಲ ಆ ಕ್ಷಣಕ್ಕೆ ಹುಟ್ಟಿದ್ದು ಎಂದು ಜನ ನಂಬುತ್ತಾರೆ. ಟೀವಿಗೆ ಬರುವ ಮೊದಲು ಅವರು ನ್ಯೂಯಾರ್ಕಿನ ಜೂಲಿಯಾರ್ಡ್ ಕಲಾಶಾಲೆಯಲ್ಲಿ ನಟನೆ ಕಲಿತವರು. 1998ರಲ್ಲಿ ಅವರಿಗೆ ಆಸ್ಕರ್ ಬಂದದ್ದು ಗಂಭೀರ ಪಾತ್ರಕ್ಕೆ.

ಸಭೆಯ ಮುಂದೆ ಚಿತ್ರೀಕರಿಸುವ ಸಿಟ್‌ಕಾಮ್ (ಹಾಸ್ಯ ಧಾರಾವಾಹಿ) ಸಿಕ್ಕರೆ ನಿನಗೆ ಅನುಕೂಲ. ಹಲವು ಕ್ಯಾಮೆರಾ, ಎದುರಿಗೆ ಜನ, ನಗುವಿಗೆ ನಿಲ್ಲುವ ಅವಕಾಶ. ಅದರ ವಾರ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು ಓದುವುದು, ಆಮೇಲೆ ಎರಡು ದಿನ ರಿಹರ್ಸಲ್, ನಾಲ್ಕನೆಯ ದಿನ ಕ್ಯಾಮೆರಾಗಳ ಜಾಗ ಗೊತ್ತುಮಾಡುವುದು, ಐದನೆಯ ದಿನ ಚಿತ್ರೀಕರಣ. ದಿನಾ ರಾತ್ರಿ ಮಾತುಗಳು ಬದಲಾಗುತ್ತವೆ. ಸೋಮವಾರದ ಸಾಲಿಗೆ ಮನಸ್ಸು ಕಟ್ಟಿಕೊಂಡರೆ ಶುಕ್ರವಾರ ತಡಬಡಾಯಿಸುತ್ತೀಯ. ಓದಿನ ದಿನ ಮೇಜಿನಲ್ಲಿ ನಗು ಬೀಳದ ಸಾಲು ಮರುದಿನ ಇರುವುದಿಲ್ಲ, ಆದ್ದರಿಂದ ಓದುವಾಗಲೂ ಪೂರ್ತಿ ಜೀವ ತುಂಬಿ ಓದು.

ಪ್ಯಾನೆಲ್ ಶೋ, ನಿರೂಪಣೆ, ಸ್ಪರ್ಧೆಯ ತೀರ್ಪುಗಾರಿಕೆ ಬಂದರೆ ಮಾಡು. ಹಣ ಬರುತ್ತದೆ, ಮುಖ ಪರಿಚಯವಾಗುತ್ತದೆ. ಆದರೆ ವಾರವಾರ ನಿನ್ನದೇ 5 ನಿಮಿಷದ ಹೊಸ ಸೆಟ್ ಕೇಳುವ ಕಾರ್ಯಕ್ರಮಕ್ಕೆ ಒಪ್ಪುವ ಮುನ್ನ ಲೆಕ್ಕ ಹಾಕು: 12 ವಾರಕ್ಕೆ 60 ನಿಮಿಷ. ವರ್ಷಗಟ್ಟಲೆ ತಿದ್ದಿ ತೀಡಿದ ಒಂದು ಗಂಟೆಯ ಸೆಟ್ ಮೂರು ತಿಂಗಳಲ್ಲಿ ಖಾಲಿ. ಪ್ರಸಾರವಾದ ಜೋಕನ್ನು ಟಿಕೆಟ್ ಕೊಟ್ಟು ಬಂದವರ ಮುಂದೆ ಮತ್ತೆ ಹೇಳಿದರೆ ಅವರಿಗೆ ಮೋಸ ಹೋದಂತೆ ಅನಿಸುತ್ತದೆ. ಅದಕ್ಕೇ ಕ್ಲಬ್ಬು ಬಿಡಬೇಡ ಎಂದದ್ದು. ಹೊಸ ಜೋಕು ಹುಟ್ಟುವ ಜಾಗ ಅದೊಂದೇ. ಕ್ರಿಸ್ ರಾಕ್ ಅಷ್ಟು ಹೆಸರಾದ ಮೇಲೂ ದೊಡ್ಡ ಪ್ರವಾಸಕ್ಕೆ ಮೊದಲು ಸಣ್ಣ ಕ್ಲಬ್ಬುಗಳಿಗೆ ಹೋಗಿ, ಟಿಪ್ಪಣಿಯ ಪುಸ್ತಕ ನೋಡಿಕೊಂಡು, ಹಸಿ ಜೋಕುಗಳನ್ನು ಜನರ ಮುಂದೆ ಹೇಳಿ ನೋಡುತ್ತಾರೆ. ವೇದಿಕೆ ಬಿಟ್ಟು ಸಿನಿಮಾದಲ್ಲೇ ನಿಂತವರೂ ಇದ್ದಾರೆ ಎನ್ನುತ್ತೀಯ, ಸ್ಟೀವ್ ಮಾರ್ಟಿನ್ ಹಾಗೆ ಮಾಡಿದರು. ಅವರು ಬಿಟ್ಟದ್ದು ಸಾವಿರಾರು ಮಂದಿ ಕೂರುವ ಸಭಾಂಗಣಗಳನ್ನು ತುಂಬಿಸಿದ ಮೇಲೆ. ನೀನಿನ್ನೂ ಅಲ್ಲಿಗೆ ಮುಟ್ಟಿಲ್ಲ. ವಾರಕ್ಕೆ ಎರಡು ರಾತ್ರಿಯಾದರೂ ಮೈಕು ಹಿಡಿ, ಚಿತ್ರೀಕರಣ ಇದ್ದರೂ ಸರಿ.

ಒಂದು ಗಂಟೆಯ ಶೋ ಚಿತ್ರೀಕರಣವನ್ನು ಈ ವರ್ಷ ಮಾಡಬೇಡ. ನಿನ್ನ ಬಳಿ ಗಟ್ಟಿ 40 ನಿಮಿಷ ಇದ್ದರೆ ಉಳಿದ 20 ನಿಮಿಷ ನೀರು, ಅದು ಶಾಶ್ವತವಾಗಿ ಉಳಿದುಬಿಡುತ್ತದೆ. ಮಾಡುವ ಕಾಲ ಬಂದಾಗ ಒಂದೇ ದಿನ ಎರಡು ಪ್ರದರ್ಶನ ಇಟ್ಟು, ಎರಡಕ್ಕೂ ಅದೇ ಬಟ್ಟೆ, ಅದೇ ತಲೆಗೂದಲು ಇರುವಂತೆ ನೋಡಿಕೋ. ಆಗ ಒಂದರಲ್ಲಿ ತೊದಲಿದ್ದನ್ನು ಇನ್ನೊಂದರಿಂದ ತೆಗೆದು ಜೋಡಿಸಬಹುದು. ಮುಂದಿನ ಸಾಲುಗಳು ಖಾಲಿ ಇರಬಾರದು. ಸಭೆಗೆ ಬೆಳಕು ಹೆಚ್ಚಾದರೆ ಜನ ಒಬ್ಬರನ್ನೊಬ್ಬರು ನೋಡಿಕೊಂಡು ನಗು ತಡೆದುಕೊಳ್ಳುತ್ತಾರೆ, ಕ್ಯಾಮೆರಾಗೆ ಸಾಕಾಗುವಷ್ಟೇ ಇರಲಿ. ಪ್ರವೇಶಕ್ಕೆ ಸಿನಿಮಾ ಹಾಡು ಹಾಕಿಸಬೇಡ, ನಡುವೆ ಯಾವ ಹಾಡನ್ನೂ ಗುನುಗಬೇಡ. ಹಕ್ಕಿನ ಅನುಮತಿ ಸಿಗದೆ ಆ ಭಾಗವನ್ನೇ ಕತ್ತರಿಸಬೇಕಾಗುತ್ತದೆ, ಜೋಕು ಹಾಡಿಗೆ ಅಂಟಿಕೊಂಡಿದ್ದರೆ ಅದೂ ಹೋಗುತ್ತದೆ.

ಒಪ್ಪಂದದಲ್ಲಿ ಮೊದಲು ಹುಡುಕಬೇಕಾದದ್ದು ಮೂರು. ಧಾರಾವಾಹಿ ಎಷ್ಟು ವರ್ಷಕ್ಕೆ ನಿನ್ನನ್ನು ಕಟ್ಟಿಹಾಕುತ್ತದೆ? ಅಮೆರಿಕದ ಟೀವಿಯಲ್ಲಿ ಕೊನೆಯ ಆಡಿಷನ್‌ಗೆ ಮುಂಚೆಯೇ ಆರೇಳು ವರ್ಷದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿಯಿದೆ. ಮುಂದುವರಿಸುವ ಆಯ್ಕೆ ಅವರದು, ನಟನದಲ್ಲ. ಎರಡನೆಯದು, ಬೇರೆ ಕಡೆ ಕೆಲಸ ಮಾಡಬಾರದೆಂಬ ಷರತ್ತು. ಅದರಲ್ಲಿ ನೇರ ಪ್ರದರ್ಶನಗಳಿಗೆ ವಿನಾಯಿತಿ ಎಂದು ಸ್ಪಷ್ಟವಾಗಿ ಬರೆಸು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ವೇದಿಕೆಗಾಗಿ ನೀನು ಮೊದಲೇ ಬರೆದ ಜೋಕುಗಳು ನಿನ್ನವೇ ಆಗಿ ಉಳಿಯಬೇಕು. ‘ಕಾರ್ಯಕ್ರಮಕ್ಕೆ ಒದಗಿಸಿದ ಎಲ್ಲ ಸಾಮಗ್ರಿ’ ಎಂಬ ಸಾಲಿನೊಳಗೆ ಅವು ಸದ್ದಿಲ್ಲದೆ ಸೇರಿಹೋಗುತ್ತವೆ. ಬರೀ ಐಡಿಯಾಗೆ ಕೃತಿಸ್ವಾಮ್ಯ ಸಿಗುವುದಿಲ್ಲ, ಬರೆದ ರೂಪಕ್ಕೆ ಸಿಗುತ್ತದೆ. ಆದ್ದರಿಂದ ಪ್ರತಿ ಸೆಟ್ಟನ್ನೂ ಪದಪದ ಬರೆದು, ದಿನಾಂಕ ಹಾಕಿ, ರೆಕಾರ್ಡಿಂಗ್ ಸಮೇತ ಇಟ್ಟುಕೋ.

ಏಜೆಂಟರು ಬಂದ ಹಣದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ, ಸಾಮಾನ್ಯವಾಗಿ ನೂರಕ್ಕೆ 10. ನೋಂದಣಿಗೆ, ಫೋಟೊಗೆ ಎಂದು ಮುಂಗಡ ಕೇಳುವವರ ಬಾಗಿಲಿಗೆ ಎರಡನೆಯ ಸಲ ಹೋಗಬೇಡ.

ಧಾರಾವಾಹಿಯವರ ಒಪ್ಪಂದದ ಕರಡು ಕೈಗೆ ಬಂದೊಡನೆ, ಸಹಿಗೆ ಮೊದಲು, ಒಂದು ಪ್ರತಿ ವಕೀಲರಿಗೆ ಕೊಡು, ಇನ್ನೊಂದು ನನಗೆ ಕಳಿಸು. ‘ಇವತ್ತೇ ಸಹಿ ಬೇಕು’ ಎಂದು ಅವಸರಪಡಿಸಿದರೆ ಎರಡು ದಿನ ಕೇಳು, ಕೊಡುತ್ತಾರೆ. ಆ 5 ನಿಮಿಷದ ಟೇಪನ್ನೂ ಜೊತೆಗೆ ಕಳಿಸು, ನೋಡಿ ಬರೆಯುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಪ್ಪ