ಊಟ ರೂಮಿಗೆ ತರಿಸಿಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

ಹೆಂಗಸರು ಒಬ್ಬರೇ ಪ್ರವಾಸ ಹೋಗುವುದರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಟಿಕೆಟ್, ವೀಸಾ, ಲಗೇಜ್ ಬಗ್ಗೆ ಬರೆದಿದ್ದೆಲ್ಲ ಉಪಯೋಗಕ್ಕೆ ಬರುವಂಥದ್ದೇ. ಆದರೆ ಕೊನೆಗೆ ಒಂದು ಸಾಲು ಇತ್ತು, ರಾತ್ರಿ ಊಟ ಆದಷ್ಟೂ ರೂಮಿಗೇ ತರಿಸಿಕೊಳ್ಳಿ ಅಂತ. ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲಿಕ್ಕೇ ಈ ಪತ್ರ.

ನನಗೀಗ 61 ವರ್ಷ. ಶಿರಸಿ ಕಡೆಯವಳು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದೆ. ಹೋದ ವರ್ಷ ಏಪ್ರಿಲಿನಲ್ಲಿ ಜರ್ಮನಿಯಲ್ಲಿರುವ ಮಗನ ಮನೆಗೆ ಹೋಗಿದ್ದೆ. ಎಷ್ಟೋ ವರ್ಷ ಮಕ್ಕಳಿಗೆ ರೋಮ್ ಬಗ್ಗೆ ಪಾಠ ಮಾಡಿದವಳು, ಅಷ್ಟು ಹತ್ತಿರ ಹೋಗಿ ನೋಡದೆ ಬರಲು ಮನಸ್ಸಾಗಲಿಲ್ಲ. ಮಗನಿಗೆ ರಜೆ ಸಿಗಲಿಲ್ಲ. ನಾಲ್ಕು ದಿನಕ್ಕೆ ಒಬ್ಬಳೇ ಹೊರಟೆ.

ಮೊದಲನೇ ರಾತ್ರಿ ನಾನೂ ನಿಮ್ಮ ಬರಹದಲ್ಲಿ ಹೇಳಿದ ಹಾಗೇ ಮಾಡಿದೆ. ಸೊಸೆ ಕಟ್ಟಿಕೊಟ್ಟಿದ್ದ ಚಪಾತಿ, ಚಟ್ನಿಪುಡಿ ಬಿಚ್ಚಿಕೊಂಡು ಮಂಚದ ತುದಿಯಲ್ಲಿ ಕೂತು ತಿಂದೆ. ಕೆಳಗೆ ಬೀದಿಯಲ್ಲೇ ಟೇಬಲ್ ಹಾಕಿಕೊಂಡು ಜನ ಊಟ ಮಾಡುತ್ತಿದ್ದರು, ತಟ್ಟೆಯ ಸದ್ದು, ನಗು ಎಲ್ಲ ಕಿಟಕಿಯಿಂದ ಕೇಳುತ್ತಿತ್ತು. ಇಷ್ಟು ದೂರ ಬಂದು ಬಾಗಿಲು ಹಾಕಿಕೊಂಡು ಕೂತಿದ್ದೀನಲ್ಲ ಅನ್ನಿಸಿ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಮರುದಿನ ರಾತ್ರಿ ಎಂಟೂವರೆಗೆ ಗಟ್ಟಿ ಮನಸ್ಸು ಮಾಡಿ ಹೋದೆ. ಒಂದು ಕಡೆ ಜಾಗ ಇಲ್ಲ ಅಂದರು. ಇನ್ನೊಂದು ಕಡೆ ಟಾಯ್ಲೆಟ್ ಬಾಗಿಲಿನ ಪಕ್ಕದ ಪುಟ್ಟ ಟೇಬಲ್ ತೋರಿಸಿದರು. ಬಾಗಿಲು ತೆಗೆದಾಗಲೆಲ್ಲ ನನ್ನ ಕುರ್ಚಿಗೆ ತಾಗುತ್ತಿತ್ತು. ನಾಲ್ಕೇ ನಿಮಿಷಕ್ಕೆ ಎದ್ದು ಬಂದೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮಗ ಫೋನಿನಲ್ಲಿ ಹೇಳಿದ, ಎಂಟೂವರೆ ಅಂದರೆ ಅಲ್ಲಿ ಊಟದ ನೂಕುನುಗ್ಗಲಿನ ಹೊತ್ತು, ಮೊದಲೇ ಟೇಬಲ್ ಹೇಳಿಡದಿದ್ದರೆ ನಾಲ್ಕು ಜನ ಹೋದರೂ ಸಿಗುವುದು ಕಷ್ಟ ಅಂತ.

ಮೂರನೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ, ಬಾಗಿಲು ತೆಗೆಯುವ ಹೊತ್ತಿಗೇ ಟೆಸ್ಟಾಚ್ಚೊ ಅನ್ನುವ ಬಡಾವಣೆಯ ಒಂದು ಸಣ್ಣ ಹೋಟೆಲಿಗೆ ಹೋದೆ. ಇಂಥ ಮನೆಯೂಟದ ಹೋಟೆಲಿಗೆ ಅವರು ಟ್ರಾಟೋರಿಯಾ ಅನ್ನುತ್ತಾರೆ. ಒಂದು ಬೆರಳು ತೋರಿಸಿದೆ. ವಯಸ್ಸಾದ ಸಪ್ಲೈಯರ್ ಒಬ್ಬರು ಕಿಟಕಿ ಪಕ್ಕದ ಟೇಬಲ್ಲಿಗೆ ಕರೆದುಕೊಂಡು ಹೋಗಿ ಕುರ್ಚಿ ಎಳೆದು ಕೊಟ್ಟರು. ಎದುರಿಗಿದ್ದ ಎರಡನೇ ಲೋಟ, ಫೋರ್ಕು ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ. ನನ್ನ ಬ್ಯಾಗನ್ನು ಆ ಖಾಲಿ ಕುರ್ಚಿಯ ಮೇಲೆ ಇಟ್ಟು, ಬ್ರೆಡ್ಡಿನ ಬುಟ್ಟಿ ತಂದಿಟ್ಟು ಹೋದರು. ಪಕ್ಕದಲ್ಲಿ ಎಂಬತ್ತರ ಹತ್ತಿರದ ಅಜ್ಜ ಒಬ್ಬರೇ ಪೇಪರ್ ಓದುತ್ತಾ ನಿಧಾನಕ್ಕೆ ಊಟ ಮಾಡುತ್ತಿದ್ದರು. ಯಾರೂ ನನ್ನನ್ನು ತಿರುಗಿ ನೋಡಲಿಲ್ಲ.

ನಾನು ತರಿಸಿದ್ದು ಕಾಚೊ ಎ ಪೆಪೆ ಅನ್ನುವ ಪಾಸ್ತಾ. ಅಂದರೆ ಚೀಸು ಮತ್ತು ಕಾಳುಮೆಣಸು, ಅಷ್ಟೇ. ಕುರಿ ಹಾಲಿನ ಪೆಕೊರಿನೊ ಚೀಸು, ಪಾಸ್ತಾ ಬೇಯಿಸಿದ ನೀರು, ಮೇಲೆ ಜಜ್ಜಿದ ಮೆಣಸು. ತಟ್ಟೆ ಇಡುತ್ತಿದ್ದ ಹಾಗೇ ಮೂಗಿಗೆ ಬಡಿದಿದ್ದು ನಮ್ಮ ಅಂಗಳದ ವಾಸನೆ. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಮೆಣಸು ಕೊಯ್ದು ಬಿಸಿಲಿಗೆ ಹರವಿದಾಗ ಬರುತ್ತದಲ್ಲ, ಅದೇ ಘಾಟು. ಬೆಳಿಗ್ಗೆ ತಾನೇ ಫೋರಂ, ಅಂದರೆ ಹಳೆಯ ರೋಮಿನ ನಡುಚೌಕದ ಅವಶೇಷ, ನೋಡಿ ಬಂದಿದ್ದೆ. ಡೊಮಿಷಿಯನ್ ಚಕ್ರವರ್ತಿ ಕ್ರಿ.ಶ. 92ರ ಸುಮಾರಿಗೆ ಅಲ್ಲಿ ಮೆಣಸಿಗೆ ಅಂತಲೇ ಉಗ್ರಾಣ ಕಟ್ಟಿಸಿದ್ದ. ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಹೋದ ಮೆಣಸು ತುಂಬಿಡುತ್ತಿದ್ದ ಜಾಗ. ಇದನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು ನಾನು. ಆ ಊರಲ್ಲೇ ಕೂತು ಆ ಮೆಣಸಿನ ಊಟ ಮಾಡುವಾಗ ಕಣ್ಣು ಒದ್ದೆಯಾಯಿತು. ಜೊತೆಗೆ ಯಾರಾದರೂ ಇದ್ದಿದ್ದರೆ ಮಾತಿನಲ್ಲೇ ಆ ಹೊತ್ತು ಕಳೆದುಹೋಗುತ್ತಿತ್ತೇನೋ.

ಊಟ ಮುಗಿದು ಅರ್ಧ ಗಂಟೆಯಾದರೂ ಬಿಲ್ ಬರಲಿಲ್ಲ. ಮರೆತುಬಿಟ್ಟರು ಅಂದುಕೊಂಡೆ. ಹಾಗಲ್ಲವಂತೆ. ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗಿ ಅಂದ ಹಾಗಾಗುತ್ತದೆ, ಅದು ಅಲ್ಲಿ ಮರ್ಯಾದೆಯಲ್ಲ. 'ಇಲ್ ಕೊಂತೊ, ಪೆರ್ ಫವೋರೆ' ಅಂತ ನಾವೇ ಕೇಳಬೇಕು. ಬ್ರೆಡ್ಡಿಗೆ ಬೇರೆ ದುಡ್ಡು ಹಾಕಿದ್ದರು, ಅದು ಅಲ್ಲಿ ಮಾಮೂಲು.

ಸಸ್ಯಾಹಾರಿಗಳಿಗೆ ಒಂದು ಮಾತು ಹೇಳಲೇಬೇಕು, ಯಾಕಂದರೆ ನನಗೆ ಯಾರೂ ಹೇಳಿರಲಿಲ್ಲ. ರೋಮಿನ ಪೆಕೊರಿನೊ ಚೀಸಿಗೆ ಹಾಲು ಒಡೆಸುವ ಹೆಪ್ಪು ಕುರಿಮರಿಯ ಹೊಟ್ಟೆಯಿಂದ ತೆಗೆದದ್ದು. ಪಾರ್ಮೆಸಾನಿಗೆ ಕರುವಿನದ್ದು. ಇದು ನನಗೆ ತಿಳಿದದ್ದು ಆ ರಾತ್ರಿ, ತಿಂದಾದ ಮೇಲೆ. ತುಂಬಾ ನೊಂದುಕೊಂಡೆ. ಆಮೇಲೆ ಚೀಸು ಮುಟ್ಟಲಿಲ್ಲ. ಮರಿನಾರಾ ಪಿಜ್ಜಾದಲ್ಲಿ ಚೀಸೇ ಇರುವುದಿಲ್ಲ, ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಅಷ್ಟೇ. ಪಾಸ್ತಾಕ್ಕೆ 'ಸೆಂತ್ಸಾ ಫೊರ್ಮಾಜ್ಜೊ' ಅಂದರೆ ಚೀಸಿಲ್ಲದೆ ಕೊಡುತ್ತಾರೆ. ಕುಂಬಳದ ಜಾತಿಯ ಹೂವಿನ ಬಜ್ಜಿ ಕಂಡು ಆಸೆಪಟ್ಟು ಕೇಳಿದರೆ ಒಳಗೆ ಮೀನು ತುಂಬಿರುತ್ತದಂತೆ. ಕೇಳಿದ್ದು ಒಳ್ಳೆಯದಾಯಿತು. ಕೊನೆಯ ರಾತ್ರಿ ಹಳೆಯ ಯಹೂದಿ ಕೇರಿಯಲ್ಲಿ ಆರ್ಟಿಚೋಕ್ ಅನ್ನುವ ತರಕಾರಿ ತಿಂದೆ. ಇಡೀ ಮೊಗ್ಗನ್ನು ಎಣ್ಣೆಯಲ್ಲಿ ಕರಿದಿರುತ್ತಾರೆ, ಕಮಲದ ಹಾಗೆ ಅರಳಿರುತ್ತದೆ, ಹೊರಗಿನ ಎಸಳು ನಮ್ಮ ಹಪ್ಪಳದ ಹಾಗೆ ಕುರುಕುರು, ಒಳಗೆ ಮೆತ್ತಗೆ. ಅವತ್ತು ಏಳೂವರೆಗೇ ಹೋಗಿದ್ದೆ. ಮೊದಲು ಒಂದು ಮೂಲೆ ತೋರಿಸಿದರು. ಆ ಕಡೆ ಕೂರಬಹುದಾ ಅಂತ ನಾನೇ ಕೈ ತೋರಿಸಿ ಕೇಳಿದೆ. ಕೂರಿಸಿದರು. ಕೇಳಿದರೆ ಸಿಗುತ್ತದೆ, ಅಲ್ವಾ?

ನಮ್ಮೂರಿನ ವಿಷಯಕ್ಕೆ ಬಂದರೆ, ದರ್ಶಿನಿಗಳಲ್ಲಿ ಈ ತೊಂದರೆ ಇಲ್ಲ. ಟೋಕನ್ ತಗೊಂಡು, ನಿಂತು ತಿಂದು ಹೋಗುವ ಕಡೆ ಒಬ್ಬರೇನಾ ಅಂತ ಯಾರೂ ಕೇಳುವುದಿಲ್ಲ. ಕೂತು ಊಟ ಮಾಡುವ ಹೋಟೆಲಿನಲ್ಲೇ ಸಮಸ್ಯೆ. ಒಬ್ಬಳೇ ಹೋದರೆ 'ಒಬ್ಬರೇನಾ ಅಮ್ಮಾ, ಫ್ಯಾಮಿಲಿ ರೂಮಿಗೆ ಹೋಗಿ' ಅಂತ ಫ್ಯಾನಿಲ್ಲದ, ಪರದೆ ಇಳಿಬಿಟ್ಟ ಕೋಣೆಗೆ ಕಳಿಸುತ್ತಾರೆ. ಕಾಫಿ ಲೋಟ ಅರ್ಧ ಆಗುವ ಮೊದಲೇ ಬಿಲ್ ತಂದು ಇಡುತ್ತಾರೆ. ಇದು ನನಗೆ ಇದೇ ಜಿಲ್ಲೆಯಲ್ಲಿ ಎರಡು ಸಲ ಆಗಿದೆ. ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ. ಕಿಟಕಿ ಪಕ್ಕ ಒಂದು ಸಣ್ಣ ಟೇಬಲ್ ಹಾಕಿಡಿ. ಎಲ್ಲಿ ಕೂರುತ್ತೀರಿ ಅಂತ ಬಂದವರನ್ನೇ ಕೇಳಿ.

ನಿಮ್ಮಲ್ಲೂ ಒಂದು ವಿನಂತಿ. ಮುಂದಿನ ಸಲ ಇಂಥ ಬರಹ ಹಾಕುವಾಗ ಆ ರೂಮಿನ ಊಟದ ಸಾಲು ಬಿಟ್ಟು, ಆ ಜಾಗದಲ್ಲಿ ಹೋಟೆಲಿನಲ್ಲಿ ಕೇಳಬೇಕಾದ ನಾಲ್ಕು ಮಾತು ಹಾಕಿ. ನಮ್ಮ ಪಕ್ಕದ ಮನೆಯವರು ಮುಂದಿನ ತಿಂಗಳು ಒಬ್ಬರೇ ಮಿಲಾನಿಗೆ ಮಗಳನ್ನು ನೋಡಲು ಹೊರಟಿದ್ದಾರೆ, ದಾರಿಯಲ್ಲಿ ಎರಡು ದಿನ ರೋಮಿನಲ್ಲಿ ಉಳಿಯುತ್ತಾರೆ. ಅವರಿಗೆ ಆ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ, ಹೋಟೆಲಿಗೆ ಹೋಗುವ ಹೊತ್ತನ್ನೂ ಸೇರಿಸಿ.

ಇಂತಿ,
ನಿವೃತ್ತ ಶಿಕ್ಷಕಿ, ಶಿರಸಿ